ಮೇಲಿನ ಮನೆಯ ವಿದ್ಯಾರ್ಥಿ

ಅಮೆರಿಕದ ರೆಂಟನ್ನಿನಲ್ಲಿ ನಾವಿದ್ದದ್ದು ಬೇಸ್‌ಮೆಂಟಿನಲ್ಲಿ. ಮೂರು ಕೋಣೆ, ಒಂದು ಬಚ್ಚಲು. ಅಡುಗೆಯ ಒಲೆಯೂ ಬಟ್ಟೆ ಒಗೆಯುವ ಮೆಶಿನ್ನೂ ಒಂದೇ ಗೋಡೆಗೆ ಒರಗಿಕೊಂಡಿದ್ದವು, ಹಾಗಾಗಿ ನಮ್ಮ ಬಟ್ಟೆಗಳಿಗೆ ಯಾವಾಗಲೂ ಒಗ್ಗರಣೆಯ ವಾಸನೆ. ಕಿಟಕಿಗಳು ನೆಲದ ಮಟ್ಟಕ್ಕಿದ್ದುದರಿಂದ ಹೊರಗಿನ ಲೋಕವೆಂದರೆ ನಮಗೆ ಹುಲ್ಲು, ಬೂಟು ಮತ್ತು ಕಾರಿನ ಚಕ್ರ. ಅಪ್ಪ ಎತ್ತರದ ಆಳು. ಹೀಟರಿನ ಕೊಳವೆ ಹಾದುಹೋಗುವ ಕಡೆ ತಲೆ ಬಗ್ಗಿಸಬೇಕಿತ್ತು. ಮೊದಮೊದಲು ಮರೆತು ಹಣೆಗೆ ಹೊಡೆಸಿಕೊಳ್ಳುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಕೊಳವೆ ಇಲ್ಲದ ಕಡೆಯಲ್ಲೂ ತಲೆ ಬಗ್ಗಿಸಿಯೇ ನಡೆಯತೊಡಗಿದ್ದರು.

ನಮ್ಮ ಮೇಲಿನ ಮನೆಯಲ್ಲಿದ್ದವರು ಚೂ ಅಂಕಲ್, ಮೀ ಆಂಟಿ ಮತ್ತು ಅವರ ಮಕ್ಕಳು. ಹಿರಿಯ ಮಗಳು ಶೆಂಗ್, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವರು ಹ್ಮಾಂಗ್ ಜನ. ಲಾವೋಸಿನ ಬೆಟ್ಟಗಳಲ್ಲಿ ಬೇಸಾಯ ಮಾಡಿಕೊಂಡಿದ್ದವರು, ಯುದ್ಧದಲ್ಲಿ ಊರು ಕಳೆದುಕೊಂಡು, ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ವರ್ಷಗಟ್ಟಲೆ ಕಾದು, ಅಲ್ಲಿಂದ ಇಲ್ಲಿಗೆ ಬಂದಿದ್ದರು. ಈಗ ಅಂಥವರ ಹೆಸರಿನಲ್ಲಿ ಒಂದು ವಿದ್ಯಾರ್ಥಿವೇತನ ಶುರುವಾಗಿದೆ. ಶಾಲೆಯ ಮುಖ ಕಾಣದೆ ಬಂದರೂ ಉನ್ನತ ಶಿಕ್ಷಣವನ್ನು ಬಹಳ ದೊಡ್ಡದೆಂದು ನಂಬಿದ್ದ ಹ್ಮಾಂಗ್ ವಲಸಿಗರ ನೆನಪಿಗೆ, ಎಂದು ಅದರ ಅರ್ಜಿಯ ಮೇಲೆ ಒಂದು ಸಾಲು ಇದೆ. ಆ ಸಾಲಿನ ಹಿಂದಿರುವ ಮನುಷ್ಯನನ್ನು ನಾನು ಹನ್ನೆರಡು ವರ್ಷದವಳಿದ್ದಾಗ ನಮ್ಮ ಅಡುಗೆಮನೆಯ ಮೇಜಿನ ಮುಂದೆ ದಿನಾ ನೋಡಿದ್ದೇನೆ. ನಂಬಿಕೆ ಎನ್ನುವ ಮಾತು ಅದಕ್ಕೆ ಸಾಲುವುದಿಲ್ಲ.

ಊರಿನಲ್ಲಿ ಅಪ್ಪ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಇಲ್ಲೇ ಹತ್ತಿರದ ಕೆನ್ಮೋರಿನಲ್ಲಿದ್ದ ಸೋದರಮಾವ, ಅಮೆರಿಕದಲ್ಲಿ ಲೆಕ್ಕದ ಮೇಷ್ಟ್ರುಗಳಿಗೆ ಬರ ಇದೆ, ಬಂದಿಳಿದ ಮರುದಿನವೇ ಕೆಲಸ ಎಂದು ನಂಬಿಸಿ ನಮ್ಮನ್ನು ಕರೆಸಿಕೊಂಡರು. ಬಂದ ಮೇಲೆ ಗೊತ್ತಾಯಿತು, ಅಪ್ಪನ ಎಂ.ಎಸ್ಸಿ. ಇಲ್ಲಿ ಯಾರಿಗೂ ಬೇಕಿರಲಿಲ್ಲ. ಇನ್ನಷ್ಟು ಕೋರ್ಸು ಮಾಡಿ, ಇನ್ನೊಂದು ಪರೀಕ್ಷೆ ಬರೆದು, ಆಮೇಲೆ ನೋಡೋಣ ಎಂದರು. ಅಪ್ಪ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸಕ್ಕೆ ಸೇರಿದರು. ಒಂದೂವರೆ ವರ್ಷಕ್ಕೆ ಸೊಂಟ ಹಿಡಿದುಹೋಯಿತು. ಅಲ್ಲಿಂದ ಮುಂದೆ ಅವರು ಒಳಕೋಣೆಯ ಮಂಚ ಬಿಟ್ಟು ಏಳುತ್ತಿದ್ದುದೇ ಅಪರೂಪ. ಅಮ್ಮ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಬೆಳಗ್ಗೆ ಅವಳು ಗಂಜಿ ಬೇಯಿಸಿ, ಉಪ್ಪಿನಕಾಯಿಯ ಬಾಟಲಿ ಪಕ್ಕಕ್ಕಿಟ್ಟು ಹೊರಡುವಳು. ಸಂಜೆ ಬಂದಾಗ ಗಂಜಿ ತಣಿದು ಮೇಲೆ ಕೆನೆಗಟ್ಟಿ ಹಾಗೇ ಇರುವುದು. ಆಗ ಜಗಳ. ಜಗಳ ಎಂದರೂ ಮಾತೆಲ್ಲ ಅಮ್ಮನದೇ. ಅಪ್ಪ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಒಂದು ಸಲ ಶಾಲೆಯಲ್ಲಿ ಗಣಿತಕ್ಕೆ ನನಗೆ ಸರ್ಟಿಫಿಕೇಟು ಸಿಕ್ಕಿತು. ಓಡಿಬಂದು ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ.

"ಅದನ್ನು ನನಗೆ ತೋರಿಸ್ಬೇಡ. ನನ್ನತ್ರ ಪೆಟ್ಟಿಗೆ ತುಂಬ ಉಂಟು, ಎಂತ ಆಯ್ತು?"

ಅವತ್ತು ನಾನು ಅತ್ತಿದ್ದು ಸರ್ಟಿಫಿಕೇಟಿಗಾಗಿ ಅಲ್ಲ. ಅಪ್ಪ ಆ ಮಾತನ್ನು ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೂ ಕೇಳಿದರು. ಅದು ನನಗೆ ಹೆದರಿಕೆ ಹುಟ್ಟಿಸಿತ್ತು.

ಮೀ ಆಂಟಿಗೆ ಇದೆಲ್ಲ ಮೇಲಿನಿಂದ ಕೇಳಿಸುತ್ತಿತ್ತು. ಅವರಿಗೂ ಅಮ್ಮನಿಗೂ ಸಮಾನವಾಗಿ ಬರುವ ಭಾಷೆ ಎಂದು ಒಂದೂ ಇರಲಿಲ್ಲ. ಆದರೂ ಕುಚ್ಚಲಕ್ಕಿಯಂಥ ಅಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ಬಾಳೆ ಎಲೆ, ಒಣಮೀನು, ಬಸಳೆ ಎಲ್ಲಿ ಸಿಗುತ್ತದೆ ಎಂದು ಅಮ್ಮನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದವರು ಅವರೇ. ಒಂದು ಬೆಳಗ್ಗೆ ಅವರು ಒಂದು ಬಟ್ಟಲು ಅಕ್ಕಿ, ಅದರ ಮೇಲೆ ಒಂದು ಮೊಟ್ಟೆ, ಒಂದಷ್ಟು ಬಿಳಿ ನೂಲು ಹಿಡಿದು ಕೆಳಗೆ ಬಂದರು. ಜೊತೆಗೆ ಬಂದ ಶೆಂಗ್ ವಿವರಿಸಿದಳು: ಮನುಷ್ಯ ಬೆದರಿದಾಗ ಅವನ ಆತ್ಮ ಎಲ್ಲೋ ಹಿಂದೆ ಉಳಿದುಬಿಡುತ್ತದೆ, ಅದನ್ನು ಕರೆಯಬೇಕು. ಅಮ್ಮನಿಗೆ ಅದು ಹೊಸದೆನಿಸಲಿಲ್ಲ, ನಮ್ಮಲ್ಲಿ ದೃಷ್ಟಿ ತೆಗೆಯುವುದಿಲ್ಲವೇ ಎಂದಳು. ಆಂಟಿ ಬಾಗಿಲಲ್ಲಿ ನಿಂತು ಹೊರಗಿನ ಮಳೆಯ ಕಡೆಗೆ ಮುಖ ಮಾಡಿ ರಾಗವಾಗಿ ಕರೆದರು. ಆಮೇಲೆ ಒಳಗೆ ಬಂದು ಅಪ್ಪನ ಮಣಿಕಟ್ಟಿಗೆ ನೂಲು ಕಟ್ಟಿದರು. ದೇವರಿಗೇ ಕೈ ಮುಗಿಯದ ಅಪ್ಪ ಕೈ ಚಾಚಿದ್ದನ್ನು ನೋಡಿ ಅಮ್ಮ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ಸೋತಿದ್ದಾರೆ ಎಂದು ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಇದಾದ ವಾರಕ್ಕೆ ಚೂ ಅಂಕಲ್ ಒಂದು ದಪ್ಪ ಪುಸ್ತಕ ಹಿಡಿದುಕೊಂಡು ಬಂದರು. ಅವರಿಗಾಗ ನಲವತ್ತೈದು ದಾಟಿತ್ತು. ಅಕ್ಷರ ಕಲಿತದ್ದೇ ಶಿಬಿರದಲ್ಲಿ, ಮದುವೆಯಾದ ಮೇಲೆ. ಇಲ್ಲಿ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಹೊತ್ತು ನೆಲ ಒರೆಸುತ್ತಿದ್ದರು, ಬೆಳಗ್ಗೆ ಅದೇ ಕಾಲೇಜಿನಲ್ಲಿ ವಿದ್ಯಾರ್ಥಿ. ಎರಡು ವರ್ಷದ ಡಿಗ್ರಿಯನ್ನು ಅವರು ಏಳು ವರ್ಷದಿಂದ ಓದುತ್ತಿದ್ದರು. ಬೀಜಗಣಿತ ಒಂದು ಬಾಕಿ. ಎರಡು ಸಲ ಫೇಲಾಗಿದ್ದರು. ಮೂರನೆಯ ಸಲವೂ ಬಿದ್ದರೆ ಮತ್ತೆ ಆ ಕ್ಲಾಸಿಗೆ ಸೇರಿಸಿಕೊಳ್ಳುವುದಿಲ್ಲ ಎಂದು ಕಾಲೇಜು ಹೇಳಿತ್ತು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಶೆಂಗ್‌ಗೆ ಅವರ ಕುಲದ ಹಿರಿಯರು ಒಂದು ಸಂಬಂಧ ತಂದಿದ್ದರು. ಅವಳು ಓದಬೇಕು, ಯೂನಿವರ್ಸಿಟಿಗೆ ಹೋಗಬೇಕು ಎಂದು ಅಂಕಲ್ ಹೇಳಿದಾಗ ಒಬ್ಬ ಹಿರಿಯ, ಏಳು ವರ್ಷದಿಂದ ನೀನು ಓದಿ ಏನು ಮಾಡಿದೆ ಎಂದು ಕೇಳಿದ್ದ. ಈ ಚಳಿಗಾಲದಲ್ಲಿ ನಾನು ಪಾಸಾಗುತ್ತೇನೆ, ಆಮೇಲೆ ಬಂದು ಮಾತಾಡಿ ಎಂದು ಅಂಕಲ್ ಎಲ್ಲರೆದುರು ಮಾತು ಕೊಟ್ಟುಬಿಟ್ಟಿದ್ದರು.

ಅಪ್ಪ ನನ್ನಿಂದ ಹೇಳಿಕಳಿಸಿದರು, ಮೈ ಹುಷಾರಿಲ್ಲ ಎಂದು. ಅಂಕಲ್ ಹೋಗಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ. ಮೆಟ್ಟಿಲ ಮೇಲೆ ಪುಸ್ತಕ ತೆರೆದು ಕೂರುತ್ತಿದ್ದರು. ನನಗೆ ನೋಡಲಾಗದೆ ಒಳಗೆ ಕರೆದು ಮೇಜಿನ ಮುಂದೆ ಕೂರಿಸಿ, ನನಗೆ ಗೊತ್ತಿದ್ದಷ್ಟನ್ನು ಹೇಳಿಕೊಡಲು ಹೊರಟೆ. ಆವರಣದೊಳಗೊಂದು ಮೈನಸ್, ಹೊರಗೊಂದು ಮೈನಸ್ ಇದ್ದ ಲೆಕ್ಕ. ಗುಣಿಸಿ ಮತ್ತೆ ಮೈನಸ್ಸನ್ನೇ ಬರೆದು, ಹೀಗೆ ಎಂದು ಜೋರಾಗಿ ಓದಿದೆ. ಒಳಕೋಣೆಯಿಂದ ದನಿ ಬಂತು.

"ತಪ್ಪು."

ನಾನು ಮತ್ತೊಮ್ಮೆ ನೋಡಿದೆ, ಮತ್ತೆ ಅದನ್ನೇ ಓದಿದೆ. ಅಪ್ಪ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಕೆದರಿದ ಕೂದಲು, ಸೊಂಟದ ಮೇಲೆ ಒಂದು ಕೈ.

"ತಪ್ಪು ಅಂತ ಹೇಳ್ಲಿಲ್ವಾ? ಏಳು ಅಲ್ಲಿಂದ. ಗೊತ್ತಿಲ್ಲದ್ದನ್ನು ಇನ್ನೊಬ್ರಿಗೆ ಹೇಳಿಕೊಡ್ಲಿಕ್ಕೆ ಹೋಗ್ಬಾರ್ದು."

ನಾನು ಎದ್ದೆ. ಅಪ್ಪ ನನ್ನ ಕುರ್ಚಿಯಲ್ಲಿ ಕೂತರು.

ಆ ಶರತ್ಕಾಲವಿಡೀ ಪಾಠ ನಡೆಯಿತು. ಇಬ್ಬರ ಮಾತೂ ತಡವರಿಸುವ ಇಂಗ್ಲಿಷಿನಲ್ಲಿ. ಈಗ ನೆನಪಿನಲ್ಲಿ ಅದು ನಮ್ಮ ಮನೆಯ ಕನ್ನಡವಾಗಿಯೇ ಕೇಳಿಸುತ್ತದೆ, ಹಾಗೆಯೇ ಬರೆಯುತ್ತೇನೆ. ಅಪ್ಪ ಒಳ್ಳೆಯ ಮೇಷ್ಟ್ರು ಎಂದು ನಾನು ಕೇಳಿದ್ದೆ, ನೋಡಿರಲಿಲ್ಲ. ಅವರು ಒಳ್ಳೆಯವರಲ್ಲ, ಕಟ್ಟುನಿಟ್ಟಿನವರು. ತಪ್ಪಾದರೆ ಪೆನ್ಸಿಲ್ ಕಿತ್ತುಕೊಳ್ಳುವರು, ಹಾಳೆ ಹರಿಯುವರು. ತಮ್ಮ ಮಕ್ಕಳ ಮುಂದೆ ಮನೆಯ ಯಜಮಾನರಾದ ಅಂಕಲ್ ನಮ್ಮ ಮೇಜಿನ ಮುಂದೆ ಹುಡುಗನ ಹಾಗೆ ತಲೆ ತಗ್ಗಿಸಿ, "ಇನ್ನೊಮ್ಮೆ, ಟೀಚರ್" ಎನ್ನುವರು. ಅಮ್ಮನಿಗೆ ಇದನ್ನು ನೋಡಿ ಸಂಕಟ. ಆದರೆ ಅಪ್ಪ ಊಟ ಮಾಡತೊಡಗಿದ್ದರಿಂದ ಅವಳು ಸುಮ್ಮನಿದ್ದಳು. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕಾಗುತ್ತದೆ ಎನ್ನುವುದು ಮಾತ್ರ ಅಂಕಲ್‌ಗೆ ಹತ್ತಲೇ ಇಲ್ಲ. ಕೊನೆಗೆ ಅಪ್ಪ ಒಂದು ನದಿಯ ಚಿತ್ರ ಬರೆದರು. ನೀರು ದಿನಕ್ಕೆ ಮೂರು ಅಡಿ ಇಳಿಯುತ್ತಿದೆ, ಅಂದರೆ ಮೈನಸ್ ಮೂರು. ಎರಡು ದಿನ ಹಿಂದಕ್ಕೆ ಹೋಗು, ಅದು ಮೈನಸ್ ಎರಡು. ಆಗ ನೀರು ಈಗಿನದಕ್ಕಿಂತ ಎಷ್ಟು ಮೇಲಿತ್ತು? ಅಂಕಲ್ ಆ ಚಿತ್ರವನ್ನು ನೋಡುತ್ತ ಕೂತರು.

"ನಾವು ದಾಟೋವಾಗ ತುಂಬ ಮೇಲಿತ್ತು" ಎಂದರು.

ಅಪ್ಪನಿಗೆ ಅರ್ಥವಾಗಲಿಲ್ಲ. ಅಂಕಲ್ ತಾವೇ ಹೇಳಿದರು. ಮೆಕಾಂಗ್ ನದಿ. ಕಂಕುಳಿಗೆ ಬಿದಿರಿನ ಕಟ್ಟು ಸಿಕ್ಕಿಸಿಕೊಂಡು ಅಣ್ಣ ತಮ್ಮ ಇಬ್ಬರೂ ನೀರಿಗಿಳಿದಿದ್ದರು. ಅಣ್ಣನ ಬೆನ್ನ ಮೇಲೆ ಅವನ ಮಗು. ನಡುನೀರಿನಲ್ಲಿ ಅಣ್ಣ ಕರೆದ, ಇವರು ತಿರುಗಿ ನೋಡಲಿಲ್ಲ, ನೋಡಿದರೆ ಕೈ ಬಿಟ್ಟುಹೋಗುತ್ತದೆ ಎಂದು. ದಡ ಸೇರಿ ನೋಡಿದಾಗ ನದಿ ಖಾಲಿ. ಆ ಅಣ್ಣನಿಗೆ ಓದುವುದೆಂದರೆ ಹುಚ್ಚು, ಎರಡು ವರ್ಷ ಶಾಲೆಗೆ ಹೋಗಿದ್ದವನು ಇಡೀ ಊರಿಗೆ ಅವನೊಬ್ಬನೇ ಎಂದರು. ಇಷ್ಟು ಹೇಳಿ ಪೆನ್ಸಿಲ್ ತೆಗೆದುಕೊಂಡು ಉತ್ತರ ಬರೆದರು: ಆರು. ಸರಿಯಾಗಿತ್ತು. ಅವತ್ತಿನಿಂದ ಅಪ್ಪ ಹಾಳೆ ಹರಿಯುವುದನ್ನು ಬಿಟ್ಟರು.

ಪರೀಕ್ಷೆ ಡಿಸೆಂಬರಿನ ಮೊದಲ ವಾರದಲ್ಲಿ. ಅದರ ಹಿಂದಿನ ನಾಲ್ಕು ದಿನ ಮಳೆ ಬಿಟ್ಟಿರಲಿಲ್ಲ. ಮೀ ಆಂಟಿ ಸ್ನೊಕ್ವಾಲ್ಮಿ ಕಣಿವೆಯಲ್ಲಿ ಹೊಳೆಯ ಪಕ್ಕ ಸ್ವಲ್ಪ ಜಮೀನು ಗೇಣಿಗೆ ಹಿಡಿದು ಹೂವು ಬೆಳೆಯುತ್ತಿದ್ದರು. ಆ ಮನೆ ನಡೆಯುತ್ತಿದ್ದುದೇ ಆ ಹೂವಿನಿಂದ. ಚಳಿಗಾಲಕ್ಕೆ ಮುಂಚೆ ಡೇಲಿಯಾದ ಗೆಡ್ಡೆಗಳನ್ನು ಅಗೆದು, ಮರದ ಹೊಟ್ಟಿನಲ್ಲಿ ಹೂತು, ಕ್ರೇಟುಗಳಲ್ಲಿ ತುಂಬಿ ಹೊಲದ ಶೆಡ್ಡಿನಲ್ಲಿಟ್ಟಿದ್ದರು. ಮುಂದಿನ ವರ್ಷದ ಇಡೀ ಬೆಳೆ ಆ ಕ್ರೇಟುಗಳಲ್ಲಿತ್ತು. ಪರೀಕ್ಷೆಯ ಬೆಳಗ್ಗೆ ರೇಡಿಯೋದಲ್ಲಿ ಹೊಳೆ ಉಕ್ಕುತ್ತಿದೆ, ಮಧ್ಯಾಹ್ನದೊಳಗೆ ಕಣಿವೆಯ ರಸ್ತೆ ಮುಚ್ಚುತ್ತಾರೆ ಎಂದು ಬಂತು. ನಾನು ಶಾಲೆಗೆ ಹೊರಟವಳು ಅಂಗಳದಲ್ಲಿ ನಿಂತುಬಿಟ್ಟೆ. ಅಂಕಲ್ ತಮ್ಮ ಪಿಕಪ್ ಟ್ರಕ್ಕಿನ ಕೀಲಿ ಹಿಡಿದು ನಿಂತಿದ್ದರು, ಜೇಬಿನಲ್ಲಿ ಎರಡು ಪೆನ್ಸಿಲ್. ಆಂಟಿ ರಬ್ಬರ್ ಬೂಟು ಹಾಕಿಕೊಂಡು ಬಂದು, ಅವರ ಭಾಷೆಯಲ್ಲಿ ಚುಟುಕಾಗಿ ಏನೋ ಹೇಳಿ ಅಂಗೈ ಚಾಚಿದರು. ಅಂಕಲ್ ಕೀಲಿ ಕೊಟ್ಟರು. ಆಂಟಿ ಏನಂದರು ಎಂದು ಶೆಂಗ್‌ಳನ್ನು ಕೇಳಿದೆ. ಅವಳು ಮುಖ ತಿರುಗಿಸಿದಳು. ಅಷ್ಟರಲ್ಲಿ ಅಪ್ಪ ಬೇಸ್‌ಮೆಂಟಿನ ಮೆಟ್ಟಿಲು ಹತ್ತಿ ಬಂದರು. ಎಷ್ಟೋ ತಿಂಗಳಿಂದ ಹೊಸ್ತಿಲು ದಾಟದಿದ್ದವರು, ಲುಂಗಿ ಬಿಚ್ಚಿ ಗೋದಾಮಿನ ಹಳೆಯ ಪ್ಯಾಂಟು ಹಾಕಿಕೊಂಡಿದ್ದರು.

"ನೀವು ಪರೀಕ್ಷೆಗೆ ಹೋಗಿ. ಅಲ್ಲಿಗೆ ನಾನು ಹೋಗ್ತೇನೆ."

ಟ್ರಕ್ಕಿನ ಹಿಂದಿನ ಚಿಕ್ಕ ಸೀಟಿನಲ್ಲಿ ಶೆಂಗ್ ಮತ್ತು ನಾನು ತೂರಿಕೊಂಡೆವು. ಅಂಕಲ್ ಬಸ್ ಸ್ಟಾಪಿನ ಕಡೆ ನಡೆಯುತ್ತ ಎರಡು ಸಲ ತಿರುಗಿ ನೋಡಿದರು.

ನನ್ನ ನೆನಪಿನಲ್ಲಿ ಆ ಹೊಲ ಕಡಲಾಗಿದೆ. ಕಂದು ನೀರು, ಅದರ ಮೇಲೆ ಹುಲ್ಲಿನ ಸಿವುಡು, ಪ್ಲಾಸ್ಟಿಕ್ ಬಕೆಟ್ಟು, ಯಾರದೋ ಬೇಲಿಯ ಕಂಬ. ಶೆಡ್ಡಿನೊಳಗೆ ನೀರು ನುಗ್ಗಿ ಕೆಳಗಿನ ಸಾಲಿನ ಕ್ರೇಟುಗಳು ತೇಲುತ್ತಿದ್ದವು. ಆಂಟಿ ಮತ್ತು ಅಪ್ಪ ಒಳಗಿಳಿದು ಎತ್ತಿ ಎತ್ತಿ ಕೊಟ್ಟರು, ಶೆಂಗ್ ಮತ್ತು ನಾನು ದಿಬ್ಬದ ಮೇಲೆ ನಿಲ್ಲಿಸಿದ್ದ ಟ್ರಕ್ಕಿಗೆ ಹೊತ್ತೆವು. ಪ್ರತಿ ಸಲ ಬಗ್ಗಿದಾಗಲೂ ಅಪ್ಪನ ಬಾಯಿಂದ ಒಂದು ಶಬ್ದ ಹೊರಡುತ್ತಿತ್ತು, ನರಳಿದ ಹಾಗೆ. ಸಾಕು ಅಪ್ಪ ಎಂದು ನಾನು ಅಳುತ್ತಿದ್ದೆ. ಅವರು ಕೇಳಿಸಿಕೊಳ್ಳಲಿಲ್ಲ. ಅರ್ಧದಷ್ಟೂ ಆಗಿರಲಿಲ್ಲ, ಪೊಲೀಸರು ಬಂದು ತಕ್ಷಣ ಹೊರಡಿ ಎಂದರು. ಆಂಟಿ ಮತ್ತೊಂದು ಕ್ರೇಟು, ಮತ್ತೊಂದು ಕ್ರೇಟು ಎಂದು ಬೆರಳು ತೋರಿಸಿ ಬೇಡಿಕೊಂಡರು. ಅವರು ಬಿಡಲಿಲ್ಲ. ಗುಡ್ಡದ ಮೇಲಿನ ಸುತ್ತುಬಳಸಿನ ದಾರಿಯಲ್ಲಿ ನಾವು ರೆಂಟನ್ನಿಗೆ ವಾಪಸಾದೆವು. ಅಪ್ಪನನ್ನು ಟ್ರಕ್ಕಿನಿಂದ ಇಳಿಸಲು ಇಬ್ಬರು ಬೇಕಾಯಿತು.

ಅಂಕಲ್ ಬಂದದ್ದು ನಮಗಿಂತ ಎರಡು ಗಂಟೆ ತಡವಾಗಿ. ತಲೆಯಿಂದ ಕಾಲಿನವರೆಗೆ ನೆನೆದಿದ್ದರು. ಪರೀಕ್ಷೆಗೆ ಕೂತು ಮುಕ್ಕಾಲು ಗಂಟೆ ಬರೆದಿದ್ದರಂತೆ. ಕಿಟಕಿಯ ಹೊರಗೆ ಮಳೆ ಇನ್ನೂ ಜೋರಾಗಿದೆ. ಎದ್ದು, ಪತ್ರಿಕೆ ಕೊಟ್ಟು, ಪರಿಚಯದವನೊಬ್ಬನ ಕಾರಿನಲ್ಲಿ ಕಣಿವೆಗೆ ಓಡಿದ್ದರು. ರಸ್ತೆಗೆ ಅಡ್ಡಗಟ್ಟೆ ಹಾಕಿಯಾಗಿತ್ತು. ನಾವು ಬೇರೆ ದಾರಿಯಲ್ಲಿ ಹೊರಟು ಬಂದದ್ದು ಗೊತ್ತಿಲ್ಲದೆ, ಆ ಅಡ್ಡಗಟ್ಟೆಯ ಹತ್ತಿರ ನಿಂತು ನೀರನ್ನು ನೋಡಿದ್ದಾರೆ. ಅತ್ತ ಪರೀಕ್ಷೆಯೂ ಇಲ್ಲ, ಇತ್ತ ಒಂದು ಕ್ರೇಟೂ ಎತ್ತಲಿಲ್ಲ. ವಾರದ ನಂತರ ಪತ್ರಿಕೆ ಕೈಗೆ ಬಂದಾಗ ಅದನ್ನು ಕೆಳಗೆ ತಂದರು. ಅಪ್ಪ ಮಲಗಿಕೊಂಡೇ ನೋಡಿದರು. ಮೊದಲ ಹತ್ತು ಲೆಕ್ಕ, ಹತ್ತೂ ಸರಿ. ಆಮೇಲಿನ ಎರಡು ಪುಟ ಖಾಲಿ.

"ಒಂದು ಗಂಟೆ ಕೂತ್ಕೊಳ್ಳಿಕ್ಕೆ ಆಗ್ಲಿಲ್ವಾ ನಿಮಗೆ?" ಅಪ್ಪ ಖಾಲಿ ಪುಟವನ್ನು ಮತ್ತೆ ತಿರುವಿದರು. "ಒಂದು ಗಂಟೆ?"

"ನನ್ನ ಹೆಂಡತಿ ನೀರಿನಲ್ಲಿದ್ದಳು, ಟೀಚರ್."

ಅಪ್ಪ ಪತ್ರಿಕೆಯನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

ಆ ಚಳಿಗಾಲ ಮೇಲಿನ ಮನೆಯಿಂದ ಮಾತು ಕೇಳಿಸಲಿಲ್ಲ. ಆಂಟಿ ಅಂಕಲ್ ಜೊತೆ ಮಾತು ಬಿಟ್ಟಿದ್ದರು. ಅನ್ನದ ಬುಟ್ಟಿಯನ್ನು ಅವರ ಮುಂದಿಟ್ಟು, ಮುಖ ನೋಡದೆ ಎದ್ದುಹೋಗುತ್ತಾರೆ ಎಂದು ಶೆಂಗ್ ಹೇಳುತ್ತಿದ್ದಳು. ಹೊಲ ಮುಳುಗುವಾಗ ಗಂಡ ಪರೀಕ್ಷೆ ಅಂತ ಹೋದನಲ್ಲ, ಅದೇ ಸಿಟ್ಟು ಎಂದಳು ಅಮ್ಮ. ನಾವೆಲ್ಲ ಹಾಗೆಯೇ ತಿಳಿದೆವು. ಅಂಕಲ್ ಕೂಡ ಹಾಗೆಯೇ ತಿಳಿದಿದ್ದರು.

ಮಾತಿನಂತೆ ಕುಲದ ಹಿರಿಯರು ಬಂದರು. ಅಪ್ಪ ಊರಿನಿಂದ ತಂದಿದ್ದ ಕೋಟು ಹಾಕಿಕೊಂಡು, ಗೋಡೆ ಹಿಡಿದು, ನನ್ನ ಹೆಗಲು ಹಿಡಿದು ಮೇಲೆ ಹೋದರು. ಪತ್ರಿಕೆಯನ್ನು ಅವರ ಮುಂದೆ ಚಾಚಿ, ಇವರು ನನ್ನ ವಿದ್ಯಾರ್ಥಿ, ಬರೆದದ್ದಷ್ಟೂ ಸರಿ ಇದೆ ಎಂದರು. ಹಿರಿಯ ಮರ್ಯಾದೆಯಿಂದಲೇ ಕೇಳಿದ, ಪಾಸಾದನೇ ಎಂದು. ಅಪ್ಪ ಇಲ್ಲ ಎಂದರು. ಆಗ ಅಂಕಲ್ ಎದ್ದು ನಿಂತು ಮಾತಾಡಿದರು. ಶೆಂಗ್ ಆಮೇಲೆ ನನಗೆ ಹೇಳಿದ್ದು ಇದು:

"ಬಿದ್ದವನು ನಾನು. ಅವಳು ಇನ್ನೂ ಪರೀಕ್ಷೆಗೇ ಕೂತಿಲ್ಲ."

ಹಿರಿಯರು ಊಟ ಮಾಡದೆ ಹೋದರು. ಕೋಳಿ ಬೇಯಿಸಿ ಇಟ್ಟಿದ್ದು ಹಾಗೇ ಉಳಿಯಿತು. ಮೂರು ವರ್ಷ ಅಂಕಲ್ ಮನೆಯವರನ್ನು ಹೊಸ ವರ್ಷದ ಹಬ್ಬಕ್ಕೆ ಯಾರೂ ಕರೆಯಲಿಲ್ಲ. ಶೆಂಗ್ ಯೂನಿವರ್ಸಿಟಿಗೆ ಹೋದಳು, ನಾಲ್ಕು ವರ್ಷದ ನಂತರ ನಾನೂ ಹೋದೆ. ಅಂಕಲ್ ಅದೇ ಕಾಲೇಜಿನ ನೆಲ ಒರೆಸುತ್ತ ಮುದುಕರಾದರು. ಬೋರ್ಡಿನ ಮೇಲೆ ಲೆಕ್ಕವೇನಾದರೂ ಉಳಿದಿದ್ದರೆ ಅದನ್ನು ಪೂರ್ತಿ ಓದಿ ಆಮೇಲೆ ಅಳಿಸುತ್ತಿದ್ದರಂತೆ. ಅಪ್ಪ ಮತ್ತೆಂದೂ ಕಾಲೇಜಿನಲ್ಲಿ ಪಾಠ ಹೇಳಲಿಲ್ಲ. ಪಾರ್ಕಿಂಗ್ ಲಾಟಿನ ಗೂಡಿನಲ್ಲಿ ಚೀಟಿ ಹರಿದರು. ಅಂಕಲ್ ತೀರಿಹೋಗಿ ಈಗ ನಾಲ್ಕು ವರ್ಷ.

ವಿದ್ಯಾರ್ಥಿವೇತನ ಶೆಂಗ್ ಮತ್ತು ಅವಳ ಹಾಗೆ ಇಲ್ಲಿ ಬೆಳೆದ ಹ್ಮಾಂಗ್ ಮಕ್ಕಳು ಸೇರಿ ಮಾಡಿದ್ದು. ಮೊದಲ ಸಲ ಅದನ್ನು ಕೊಟ್ಟದ್ದು ಈ ವರ್ಷ, ರೆಂಟನ್ನಿನ ಒಂದು ಸಭಾಂಗಣದಲ್ಲಿ. ಮುಂದಿನ ಸಾಲಿನಲ್ಲಿ ಮೀ ಆಂಟಿ, ಪಕ್ಕದಲ್ಲಿ ಅಪ್ಪ, ಅಮ್ಮ, ನಾನು. ಶೆಂಗ್ ತನ್ನ ಅಪ್ಪನ ಬಗ್ಗೆ ಚೆನ್ನಾಗಿ ಮಾತಾಡಿದಳು. ಓದಿಗಾಗಿ ಏಳು ವರ್ಷ ಹಂಬಲಿಸಿದ ಮನುಷ್ಯ, ಕುಟುಂಬಕ್ಕಾಗಿ ಪರೀಕ್ಷೆಯನ್ನೇ ಬಿಟ್ಟು ಎದ್ದು ಬಂದರು ಎಂದಳು. ಜನ ಚಪ್ಪಾಳೆ ತಟ್ಟಿದರು. ಆಗ ಆಂಟಿ ಎದ್ದರು. ಅವರು ಮಾತಾಡುವುದು ಕಾರ್ಯಕ್ರಮದಲ್ಲಿರಲಿಲ್ಲ. ಮೈಕು ತೆಗೆದುಕೊಂಡು ತಮ್ಮ ಭಾಷೆಯಲ್ಲಿ ಹೇಳಿದರು. ಶೆಂಗ್ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಂದಳು.

"ಅವತ್ತು ಬೆಳಗ್ಗೆ ನಾನು ಹೇಳಿದೆ, ಏನೇ ಆದರೂ ಏಳಬೇಡ, ಕೊನೆತನಕ ಕೂತು ಬರೆ ಅಂತ. ಅಷ್ಟೇ ಹೇಳಿದ್ದು. ಸಿಟ್ಟಿನಲ್ಲಿ ಹಾಗಂದೆ ಅಂತ ಅವನು ತಿಳಿದುಕೊಂಡ. ಗೆಡ್ಡೆ ಹೋದರೆ ಮತ್ತೆ ನೆಡಬಹುದು. ಅವನು ಎದ್ದು ಬಂದ. ಅದಕ್ಕೆ ನಾನು ಅವನ ಜೊತೆ ಮಾತು ಬಿಟ್ಟೆ. ಯಾಕೆ ಅಂತ ಅವನಿಗೆ ಹೇಳಲಿಲ್ಲ. ಅವನು ಸಾಯೋತನಕ ಹೇಳಲಿಲ್ಲ."

ಆಮೇಲೆ ಅವರು ಮೈಕನ್ನು ಕೆಳಗಿಳಿಸಿ, ಬಗ್ಗಿ, ಕೈಯಿಂದ ತಮ್ಮ ಮೊಣಕಾಲನ್ನು ಮುಟ್ಟಿ ತೋರಿಸಿದರು. ನೀರು ಇಷ್ಟೇ ಇತ್ತು ಎಂದು. ಶೆಂಗ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಲಾಗಲಿಲ್ಲ, ಅಗತ್ಯವೂ ಇರಲಿಲ್ಲ. ಆಂಟಿ ತಿರುಗಿ, ತಮಗೆ ಬರುವ ಒಂದಿಷ್ಟು ಇಂಗ್ಲಿಷಿನಲ್ಲಿ ನೇರ ಅಪ್ಪನನ್ನು ಕೇಳಿದರು.

"ಟೀಚರ್, ಉಳಿದ ಲೆಕ್ಕ ಅವನಿಗೆ ಬರ್ತಿತ್ತಾ?"

ಆ ಖಾಲಿ ಪುಟಗಳನ್ನು ನಾನೂ ನೋಡಿದ್ದೆ. ಅಲ್ಲಿದ್ದವೆಲ್ಲ ವಾಕ್ಯಗಳಲ್ಲಿ ಕೊಟ್ಟ ಲೆಕ್ಕಗಳು, ಉದ್ದುದ್ದ ಇಂಗ್ಲಿಷಿನವು. ನಮ್ಮ ಅಡುಗೆಮನೆಯಲ್ಲಿ ಅಂಥದ್ದನ್ನು ಅಂಕಲ್ ಒಂದು ಸಲವೂ ತಾವಾಗಿ ಬಿಡಿಸಿದ್ದಿಲ್ಲ. ವಿದ್ಯಾರ್ಥಿ ಕಾಲಿಗೆ ಬಿದ್ದರೂ ಅರ್ಧ ಅಂಕ ಹೆಚ್ಚಿಗೆ ಹಾಕುತ್ತಿರಲಿಲ್ಲ ಎಂದು ಹೆಸರಾದವರು ಅಪ್ಪ. ಅವರು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ನಿಂತರು. ನಾನು ಆಸರೆ ಕೊಡಲು ಹೋದೆ, ಕೈ ಸರಿಸಿದರು.

"ಬರ್ತಿತ್ತು, ಮೀ," ಎಂದರು. "ಎಲ್ಲವೂ ಬರ್ತಿತ್ತು."

ಆಂಟಿ ತಲೆಯಾಡಿಸಿ, ಮೈಕನ್ನು ಮಗಳ ಕೈಗೆ ಕೊಟ್ಟು, ತಮ್ಮ ಜಾಗಕ್ಕೆ ಬಂದು ಕೂತರು.